ಐಯೆಲ್ಟ್ಸ್ ರೀಡಿಂಗ್ ಅಭ್ಯಾಸ: ಪ್ರತಿ ಉತ್ತರಕ್ಕೂ ಒಂದು ಸಾಲು ತೋರಿಸಿ

ಭಾನುವಾರಗಳಲ್ಲಿ ಥಾಣೆಯಲ್ಲಿ ನಮ್ಮವರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಯೆಲ್ಟ್ಸ್ ಬಗ್ಗೆ ನನಗೆ ಬರುವ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ತಿರುತಿರುಗಿ ಬರುತ್ತದೆ. "ಮೇಡಂ, ಲಿಸನಿಂಗ್ ಚೆನ್ನಾಗಿ ಬಂತು, ಸ್ಪೀಕಿಂಗ್ ಪರವಾಗಿಲ್ಲ, ರೀಡಿಂಗ್ ಮಾತ್ರ ಮೇಲೇಳ್ತಾ ಇಲ್ಲ. ಏನು ಮಾಡೋದು?" ಕೇಳುವವರಲ್ಲಿ ಮುಲುಂಡಿನ ನರ್ಸ್‌ಗಳಿದ್ದಾರೆ. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ಕೆನಡಾಕ್ಕೆ ಅರ್ಜಿ ಹಾಕುವವರಿದ್ದಾರೆ. ವಾಸ್ಕೋದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹೊರದೇಶಕ್ಕೆ ಹೊರಟವರೂ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದುಬಿಡುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡಲಾ? ಹೆಚ್ಚಿನವರ ತೊಂದರೆ ಇಂಗ್ಲಿಷ್ ಪದಗಳ ಕೊರತೆ ಅಲ್ಲ. ಓದುತ್ತಾರೆ, ವಿಷಯ ಅರ್ಥವೂ ಆಗುತ್ತದೆ, ಆಮೇಲೆ ನೆನಪಿನಿಂದಲೋ ತಮ್ಮ ತಿಳಿವಳಿಕೆಯಿಂದಲೋ ಉತ್ತರ ಬರೆಯುತ್ತಾರೆ. ಈ ಪರೀಕ್ಷೆ ನಿಮ್ಮ ತಿಳಿವಳಿಕೆಯನ್ನು ಕೇಳುವುದೇ ಇಲ್ಲ. "ಪಠ್ಯದಲ್ಲಿ ಎಲ್ಲಿ ಹೇಳಿದೆ, ತೋರಿಸು" ಎಂದಷ್ಟೇ ಕೇಳುತ್ತದೆ. ಹಾಗಾಗಿ ಈ ಲೇಖನದ ಎಲ್ಲ ಹಂತಗಳಲ್ಲೂ ನಿಯಮ ಒಂದೇ. ಬರೆಯುವ ಪ್ರತಿ ಉತ್ತರಕ್ಕೂ ಪಠ್ಯದ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಬರಬೇಕು.

ಏನೇನು ಬೇಕು?

ತುಂಬಾ ಏನೂ ಬೇಡ. ಒಂದು ನೋಟ್‌ಬುಕ್, ಟೈಮರ್ (ಫೋನಿನದೇ ಸಾಕು), ಪರೀಕ್ಷೆ ನಡೆಸುವವರೇ ಹೊರತಂದ ಅಭ್ಯಾಸ ಪತ್ರಿಕೆಗಳು, ಒಂದು ಇಂಗ್ಲಿಷ್-ಇಂಗ್ಲಿಷ್ ಲರ್ನರ್ಸ್ ಡಿಕ್ಷನರಿ. ಲರ್ನರ್ಸ್ ಡಿಕ್ಷನರಿ ಅಂದರೆ ಕಲಿಯುವವರಿಗಾಗಿ ಸುಲಭ ಇಂಗ್ಲಿಷ್‌ನಲ್ಲಿ ಅರ್ಥ ಕೊಡುವ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡರದ್ದೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಪತ್ರಿಕೆಗಳ ವಿಷಯದಲ್ಲಿ ಸ್ವಲ್ಪ ಹುಷಾರು. ಐಯೆಲ್ಟ್ಸ್ ಅನ್ನು ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಡ್ಜ್ ಎಂಬ ಮೂರು ಸಂಸ್ಥೆಗಳು ಸೇರಿ ನಡೆಸುತ್ತವೆ. ಭಾರತದಲ್ಲಿ ಪರೀಕ್ಷೆಯ ವ್ಯವಸ್ಥೆ ನೋಡಿಕೊಳ್ಳುವುದು ಐಡಿಪಿ. ಇವರ ವೆಬ್‌ಸೈಟ್‌ಗಳಲ್ಲಿ ಉಚಿತ ಮಾದರಿ ಪತ್ರಿಕೆಗಳಿವೆ, ಕೇಂಬ್ರಿಡ್ಜ್‌ನವರ ಪುಸ್ತಕ ಸರಣಿಯೂ ಇದೆ. ಮುಂಬೈಯ ಫೌಂಟನ್ ಫುಟ್‌ಪಾತ್‌ನಲ್ಲಾಗಲಿ ಪುಣೆಯ ಅಪ್ಪಾ ಬಳವಂತ ಚೌಕದಲ್ಲಾಗಲಿ ಹಳೇ ಪುಸ್ತಕ ಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಹಿಂದಿನವರು ಪೆನ್ನಿನಲ್ಲಿ ಉತ್ತರ ಬರೆದಿಲ್ಲ ತಾನೇ ಎಂದು ಪುಟ ತಿರುಗಿಸಿ ನೋಡಿ. ಜೆರಾಕ್ಸ್ ಮಾಡಿ ಬೈಂಡ್ ಹಾಕಿದ ನಕಲಿ ಪ್ರತಿ ಬೇಡ. ಅದರಲ್ಲಿ ಉತ್ತರದ ಪುಟಗಳೇ ಅದಲುಬದಲಾಗಿರುತ್ತವೆ. ಸರಿಯಾದ ಉತ್ತರ ಬರೆದು ತಪ್ಪೆಂದುಕೊಂಡರೆ ಅಭ್ಯಾಸವೇ ಹಾಳು.

"ಈ ವಾರದ ಅಸಲಿ ಪೇಪರ್" ಎಂದು ವಾಟ್ಸಾಪ್, ಟೆಲಿಗ್ರಾಂನಲ್ಲಿ ಮಾರುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅದು ಮೋಸ.

ಹಂತ 1: ಯಾವ ಪರೀಕ್ಷೆ, ಎಷ್ಟು ಬ್ಯಾಂಡ್?

ಬ್ಯಾಂಡ್ ಅಂದರೆ ಈ ಪರೀಕ್ಷೆಯ ಫಲಿತಾಂಶವಾಗಿ ಕೊಡುವ ಶ್ರೇಣಿ. ಐಯೆಲ್ಟ್ಸ್‌ನಲ್ಲಿ ಎರಡು ಬಗೆ: ಅಕಾಡೆಮಿಕ್ ಮತ್ತು ಜನರಲ್ ಟ್ರೈನಿಂಗ್. ಓದಲು ಹೋಗುವವರು ಸಾಮಾನ್ಯವಾಗಿ ಅಕಾಡೆಮಿಕ್ ಬರೆಯುತ್ತಾರೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಂಥ ವಲಸೆ ಅರ್ಜಿಗೆ ಬೇಕಾದದ್ದು ಜನರಲ್. ಬ್ರಿಟನ್‌ನಲ್ಲಿ ನರ್ಸ್ ಆಗಲು ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಐಯೆಲ್ಟ್ಸ್ ಕೊಡುವವರು ಅಕಾಡೆಮಿಕ್ ಬರೆಯಬೇಕು. ಅದರಲ್ಲಿ ರೀಡಿಂಗ್‌ಗೆ 7 ಬೇಕು. ಕೆನಡಾದ ಲೆಕ್ಕದಲ್ಲಿ ಸಿಎಲ್‌ಬಿ (ಅಲ್ಲಿನ ಭಾಷಾ ಅಳತೆ) 9 ಎನ್ನುವ ಮಟ್ಟಕ್ಕೆ ಜನರಲ್ ರೀಡಿಂಗ್‌ನಲ್ಲಿ 7 ಬೇಕು, ಸಿಎಲ್‌ಬಿ 7ಕ್ಕೆ 6 ಸಾಕು. ನಿಯಮಗಳು ಬದಲಾಗುತ್ತಿರುತ್ತವೆ. ನೀವು ಅರ್ಜಿ ಹಾಕುವ ಸಂಸ್ಥೆಯ ಸ್ವಂತ ವೆಬ್‌ಸೈಟ್ ನೋಡದೆ ಶುಲ್ಕ ಕಟ್ಟಬೇಡಿ. ತಪ್ಪು ಬಗೆಯ ಪರೀಕ್ಷೆ ಬರೆದು ಮತ್ತೆ ದುಡ್ಡು ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ.

ಎರಡರಲ್ಲೂ ರೀಡಿಂಗ್‌ಗೆ 60 ನಿಮಿಷ, 40 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಕಾಡೆಮಿಕ್‌ನಲ್ಲಿ ಮೂರು ಉದ್ದದ ಪಠ್ಯಗಳು. ಪುಸ್ತಕ, ನಿಯತಕಾಲಿಕೆ, ಪತ್ರಿಕೆಗಳಿಂದ ಆಯ್ದವು, ವಿಷಯತಜ್ಞರಲ್ಲದವರಿಗೂ ತಿಳಿಯುವಂಥವು. ಜನರಲ್‌ನಲ್ಲಿ ಮೊದಲ ಭಾಗ ನೋಟಿಸ್, ಜಾಹೀರಾತು, ವೇಳಾಪಟ್ಟಿಯಂಥ ಚಿಕ್ಕ ಬರಹಗಳು. ಎರಡನೆಯದು ಕೆಲಸದ ಜಾಗಕ್ಕೆ ಸಂಬಂಧಿಸಿದ್ದು. ಮೂರನೆಯದು ಒಂದು ಉದ್ದದ ಲೇಖನ.

ಅಕಾಡೆಮಿಕ್‌ನಲ್ಲಿ ಸರಾಸರಿ 23 ಸರಿಯಾದರೆ ಬ್ಯಾಂಡ್ 6, 30ಕ್ಕೆ 7, 35ಕ್ಕೆ 8. ಜನರಲ್‌ನಲ್ಲಿ ಪಠ್ಯ ಸುಲಭ, ಆದ್ದರಿಂದ ಅಳತೆ ಬಿಗಿ: 30ಕ್ಕೆ 6, 34ಕ್ಕೆ 7. ಪತ್ರಿಕೆಯಿಂದ ಪತ್ರಿಕೆಗೆ ಒಂದೆರಡು ಅಂಕ ಆಚೀಚೆ ಆಗುತ್ತದೆ. "ಜನರಲ್ ತಾನೇ, ಸುಲಭ" ಎಂದು ಹಗುರವಾಗಿ ತೆಗೆದುಕೊಳ್ಳುವವರು ಈ ಎರಡು ಸಾಲನ್ನು ಇನ್ನೊಮ್ಮೆ ಓದಿ. 7 ಬೇಕಾದರೆ ಜನರಲ್‌ನಲ್ಲಿ ತಪ್ಪಲು ಸಿಗುವುದು ಆರೇ ಪ್ರಶ್ನೆ.

ಹಂತ 2: ಮೊದಲ ಪತ್ರಿಕೆ, ಏನೂ ತಯಾರಿ ಇಲ್ಲದೆ

ಒಂದು ಪೂರ್ತಿ ಪತ್ರಿಕೆಯನ್ನು 60 ನಿಮಿಷ ಇಟ್ಟುಕೊಂಡು ಬರೆಯಿರಿ. ಡಿಕ್ಷನರಿ ಬೇಡ, ನಡುವೆ ಚಹಾ ಬೇಡ. ಸಮಯ ಮುಗಿದಾಗ ಎಲ್ಲಿದ್ದೀರೋ ಅಲ್ಲಿ ಒಂದು ಗೆರೆ ಎಳೆಯಿರಿ. ಆಮೇಲೆ ಉಳಿದದ್ದನ್ನು ನಿಧಾನವಾಗಿ ಬೇರೆ ಬಣ್ಣದ ಪೆನ್ನಿನಲ್ಲಿ ಮುಗಿಸಿ.

ಈಗ ಎರಡು ಅಂಕ ಸಿಗುತ್ತವೆ: ಗಂಟೆಯೊಳಗಿನದು ಒಂದು, ಸಮಯದ ಮಿತಿ ಇಲ್ಲದ್ದು ಇನ್ನೊಂದು. ಎರಡರ ನಡುವೆ ಅಂತರ ದೊಡ್ಡದಿದ್ದರೆ ನಿಮ್ಮ ತೊಂದರೆ ವೇಗ. ಸಮಯ ಕೊಟ್ಟರೂ ಅಂಕ ಏರದಿದ್ದರೆ ತೊಂದರೆ ಓದಿನಲ್ಲೇ ಇದೆ. ಟೈಮರ್ ಹಿಡಿದುಕೊಂಡು ಓಡುವುದರಿಂದ ಅದು ಸರಿಹೋಗುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಈ ಎರಡನೇ ಗುಂಪಿನವರು, ಆದರೆ ತಾವು ಮೊದಲನೇ ಗುಂಪು ಎಂದುಕೊಂಡಿರುತ್ತಾರೆ.

ಬೇಕಾದರೆ ಲೆಕ್ಕ ಹಾಕಿ. ಅಕಾಡೆಮಿಕ್‌ನ ಮೂರೂ ಪಠ್ಯ ಸೇರಿ ಸುಮಾರು 2150ರಿಂದ 2750 ಪದ. ನಿಮಿಷಕ್ಕೆ 150 ಪದ ಎಂಬ ಆರಾಮದ ವೇಗದಲ್ಲಿ ಓದಿದರೂ 18 ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ. ಇನ್ನೂ 40 ನಿಮಿಷ ಕೈಯಲ್ಲಿರುತ್ತದೆ. ಹಾಗಾದರೆ ಸಮಯ ಎಲ್ಲಿ ಹೋಗುತ್ತದೆ? ಅದೇ ಪ್ಯಾರಾವನ್ನು ನಾಲ್ಕು ಸಲ ಓದುವುದರಲ್ಲಿ.

ಹಂತ 3: ತಪ್ಪುಗಳ ಪುಸ್ತಕ

ನೋಟ್‌ಬುಕ್ ಬೇಕು ಅಂದದ್ದು ಇದಕ್ಕೆ. ತಪ್ಪಾದ ಪ್ರತಿ ಪ್ರಶ್ನೆಗೆ ಒಂದು ಸಾಲು. ಸರಿಯಾದ ಉತ್ತರ ಪಠ್ಯದ ಯಾವ ಸಾಲಿನಲ್ಲಿದೆ ಎಂದು ಹುಡುಕಿ, ಆ ಸಾಲನ್ನು ಇಂಗ್ಲಿಷ್‌ನಲ್ಲಿ ಹಾಗೇ ಬರೆದುಕೊಳ್ಳಿ. ಪಕ್ಕದಲ್ಲಿ ತಪ್ಪಿದ್ದೇಕೆ ಎಂದು ಕನ್ನಡದಲ್ಲಿ ಬರೆಯಿರಿ. ಕಾರಣಗಳು ಸಾಮಾನ್ಯವಾಗಿ ಇವೇ:

- ಸಾಲು ಸಿಗಲೇ ಇಲ್ಲ.
- ಸಾಲು ಸಿಕ್ಕಿತು, ಆದರೆ ವಾಕ್ಯ ತಪ್ಪಾಗಿ ಅರ್ಥವಾಯಿತು.
- ವಾಕ್ಯ ಅರ್ಥವಾಯಿತು, ಪ್ರಶ್ನೆಯನ್ನೇ ಸರಿಯಾಗಿ ಓದಿರಲಿಲ್ಲ.
- ನನಗೆ ಗೊತ್ತಿದ್ದದ್ದನ್ನು ಬರೆದೆ.
- ಸ್ಪೆಲ್ಲಿಂಗ್ ಅಥವಾ ಪದಗಳ ಲೆಕ್ಕ ತಪ್ಪಿತು.

ಮೂರ್ನಾಲ್ಕು ಪತ್ರಿಕೆ ಆಗುವಷ್ಟರಲ್ಲಿ ಒಂದು ಕಾರಣ ಉಳಿದವಕ್ಕಿಂತ ಮುಂದೆ ಓಡುತ್ತಿರುತ್ತದೆ. ಅದರ ಮೇಲೆ ಕೆಲಸ ಮಾಡಿ. ಇದನ್ನು ಮಾಡದೆ ದಿನಕ್ಕೊಂದು ಪತ್ರಿಕೆ ಬರೆದು ಬಿಸಾಡುವವರಿಗೆ ಅಂಕ ನಿಂತಲ್ಲೇ ನಿಲ್ಲುತ್ತದೆ. ಹೊಸ ಪತ್ರಿಕೆ ಬರೆಯುವುದಕ್ಕಿಂತ ಹಳೆಯದನ್ನು ಬಿಚ್ಚಿ ನೋಡುವುದಕ್ಕೆ ಜಾಸ್ತಿ ಸಮಯ ಕೊಡಬೇಕು. ನನ್ನ ಪ್ರಕಾರ ದುಪ್ಪಟ್ಟು.

ಹಂತ 4: ದಿನದ ಓದು, ಟೈಮರ್ ಇಲ್ಲದೆ

ದಿನಕ್ಕೆ ಅರ್ಧ ಗಂಟೆ ಸಾಕು. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಬರುವವರಿಗೆ ಗಾಡಿಯಲ್ಲೇ ಒಂದು ಗಂಟೆ ಸಿಗುತ್ತದೆ. ನಿಲ್ಲಲು ಜಾಗ ಸಿಕ್ಕರೆ ಫೋನಿನಲ್ಲಿ ಓದಬಹುದು. ನೆಟ್‌ವರ್ಕ್ ಹೋಗುತ್ತಾ ಬರುತ್ತಾ ಇರುತ್ತದೆ, ಆದ್ದರಿಂದ ಮನೆಯಿಂದಲೇ ಎರಡು ಲೇಖನ ಸೇವ್ ಮಾಡಿಕೊಳ್ಳಿ. ಮಡಗಾಂವ್-ಪಣಜಿ ಕದಂಬ ಬಸ್ಸಿನಲ್ಲೂ ಇದು ನಡೆಯುತ್ತದೆ. ಆದರೆ ಗಾಡಿಯಲ್ಲಿ ಅಭ್ಯಾಸ ಪತ್ರಿಕೆ ಬಿಡಿಸಬೇಡಿ. ಗಾಡಿ ನಿಧಾನದ ಓದಿಗೆ ಸರಿ, ಪ್ರಶ್ನೆ ಬಿಡಿಸಲು ಅಲ್ಲ.

ಏನು ಓದಬೇಕು? ಕ್ರಿಕೆಟ್ ಸುದ್ದಿ, ಸಿನಿಮಾ ಸುದ್ದಿ ಸಾಲದು. ವಿವರಿಸಿ ಹೇಳುವ ಲೇಖನ ಬೇಕು: ಜೇನುಹುಳ ಹೇಗೆ ದಾರಿ ಹುಡುಕುತ್ತದೆ, ಕಾಗದ ಹೇಗೆ ಬಂತು, ಊರುಗಳಲ್ಲಿ ಬಿಸಿಲು ಯಾಕೆ ಜಾಸ್ತಿ, ಇಂಥವು. ಪತ್ರಿಕೆಗಳ ವಿಜ್ಞಾನದ ಪುಟ, ಭಾನುವಾರದ ಉದ್ದ ಲೇಖನ, ಸಂಪಾದಕೀಯ ಎಲ್ಲವೂ ನಡೆಯುತ್ತದೆ. ಜನರಲ್ ಬರೆಯುವವರು ಬ್ಯಾಂಕಿನ ನಿಯಮಗಳು, ಆಫೀಸಿನ ರಜೆಯ ಪಾಲಿಸಿ, ಜಿಮ್ ಸದಸ್ಯತ್ವದ ಷರತ್ತುಗಳನ್ನು ಪೂರ್ತಿ ಓದುವ ಅಭ್ಯಾಸ ಮಾಡಿ. ಯಾರೂ ಓದದ ಆ ಸಣ್ಣಕ್ಷರದ ಷರತ್ತುಗಳೇ ಈ ಪರೀಕ್ಷೆಯ ಸರಕು.

ಪ್ರತಿ ಪ್ಯಾರಾ ಆದ ಮೇಲೆ ಕಣ್ಣು ಎತ್ತಿ, ಅದು ಏನು ಹೇಳಿತು ಎಂದು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಹೇಳಲು ಬಂದರೆ ಮುಂದಕ್ಕೆ. ಬರದಿದ್ದರೆ ಇನ್ನೊಮ್ಮೆ ಓದಿ. "ಇಂಗ್ಲಿಷ್‌ನಲ್ಲೇ ಯೋಚಿಸಿ, ಕನ್ನಡ ಮರೆತುಬಿಡಿ" ಎಂದು ಕೆಲವು ಕ್ಲಾಸುಗಳಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪದಕ್ಕೆ ಪದ ಅನುವಾದ ಮಾಡುತ್ತಾ ಕೂತರೆ ಸಮಯ ಹೋಗುತ್ತದೆ, ನಿಜ. ಆದರೆ ಸಾರವನ್ನು ಮನೆಮಾತಿನಲ್ಲಿ ಹೇಳಿಕೊಂಡರೆ ಅರ್ಥವಾಗಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಹೇಳಿಕೊಂಡರೆ ಪಠ್ಯದ ಪದಗಳನ್ನೇ ತಿರುಗಿ ಹೇಳಿ ಅರ್ಥವಾಯಿತು ಎಂದುಕೊಳ್ಳುತ್ತೇವೆ.

ಗೊತ್ತಿಲ್ಲದ ಪದ ಸಿಕ್ಕಾಗಲೆಲ್ಲ ಡಿಕ್ಷನರಿ ತೆರೆಯಬೇಡಿ. ಆ ಪದ ಬಿಟ್ಟರೂ ವಾಕ್ಯ ತಿಳಿದರೆ ಬಿಟ್ಟುಬಿಡಿ. ಅದಿಲ್ಲದೆ ವಾಕ್ಯ ನಿಂತೇಹೋದರೆ ಮಾತ್ರ ನೋಡಿ, ಇಡೀ ವಾಕ್ಯದ ಸಮೇತ ಬರೆದುಕೊಳ್ಳಿ. ಸಾವಿರ ಪದದ ಪಟ್ಟಿ ಬಾಯಿಪಾಠ ಮಾಡುವುದು ಸುಮ್ನೆ ಶ್ರಮ.

ಹಂತ 5: ಉದ್ದ ವಾಕ್ಯ ಬಿಚ್ಚುವುದು

ಕನ್ನಡದವರಿಗೆ, ಮರಾಠಿಯವರಿಗೂ ಹೌದು, ಇಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ವಾಕ್ಯದಲ್ಲಿ ವಿವರಣೆ ಮೊದಲು ಬರುತ್ತದೆ, ಹೆಸರು ಆಮೇಲೆ, ಕ್ರಿಯಾಪದ ಕೊನೆಗೆ. ಇಂಗ್ಲಿಷ್‌ನಲ್ಲಿ ಹೆಸರು ಮೊದಲು ಬಂದು ಅದರ ವಿವರಣೆ ಬಾಲದಂತೆ ಹಿಂದೆ ಬರುತ್ತದೆ. ಬಾಲ ಉದ್ದವಾದರೆ ಯಾವ ಕ್ರಿಯಾಪದ ಯಾವ ಹೆಸರಿಗೆ ಸೇರಿದ್ದು ಎಂಬುದೇ ತಪ್ಪಿಹೋಗುತ್ತದೆ. ಈ ವಾಕ್ಯ ನೋಡಿ:

"ದ ವೆಲ್ಸ್ ದಟ್ ದ ವಿಲೇಜರ್ಸ್ ಹ್ಯಾಡ್ ಡಗ್ ಬಿಫೋರ್ ದ ಡ್ಯಾಮ್ ವಾಸ್ ಬಿಲ್ಟ್ ಆರ್ ನೌ ರೇರ್ಲಿ ಯೂಸ್ಡ್."

ಇದರಲ್ಲಿ ಕ್ರಿಯೆಗಳು ಮೂರು: ತೋಡಿದ್ದು, ಕಟ್ಟಿದ್ದು, ಬಳಸುವುದು. ಮುಖ್ಯವಾದದ್ದು ಒಂದೇ: ಬಾವಿಗಳು ಈಗ ಅಪರೂಪಕ್ಕೆ ಬಳಕೆಯಾಗುತ್ತಿವೆ. ಉಳಿದದ್ದೆಲ್ಲ ಯಾವ ಬಾವಿಗಳು ಎಂಬ ವಿವರ. ಅಭ್ಯಾಸ ಮಾಡುವಾಗ ಪೆನ್ಸಿಲಿನಿಂದ ಮುಖ್ಯ ಹೆಸರಿಗೂ ಮುಖ್ಯ ಕ್ರಿಯಾಪದಕ್ಕೂ ಗೆರೆ ಹಾಕಿ, ನಡುವಿನದನ್ನು ಆವರಣದಲ್ಲಿಡಿ. ದಿನಕ್ಕೆ ಐದು ವಾಕ್ಯ ಸಾಕು. ಸ್ವಲ್ಪ ದಿನ ಮಾಡಿದರೆ ಪೆನ್ಸಿಲ್ ಬೇಕಾಗುವುದಿಲ್ಲ.

ಇದೇ ವಾಕ್ಯದಲ್ಲಿ ಇನ್ನೊಂದು ಗಾಳವಿದೆ. "ಬಾವಿಗಳನ್ನು ಈಗ ಯಾರೂ ಬಳಸುತ್ತಿಲ್ಲ" ಎಂದು ಪ್ರಶ್ನೆಯಲ್ಲಿದ್ದರೆ ಅದು ತಪ್ಪು ಹೇಳಿಕೆ. "ರೇರ್ಲಿ" ಅಂದರೆ ಅಪರೂಪಕ್ಕಾದರೂ ಬಳಕೆ ಇದೆ. "ಓನ್ಲಿ", "ಮೋಸ್ಟ್", "ಸಮ್", "ಅನ್‌ಲೆಸ್", "ಅಂಟಿಲ್", "ಮೇ" ಇಂಥ ಚಿಕ್ಕ ಪದಗಳನ್ನು ಕಣ್ಣು ಹಾರಿಸಿಕೊಂಡು ಹೋಗುತ್ತದೆ. ಪ್ರಶ್ನೆ ಮಾಡುವವರು ಬಲೆ ಹಾಕುವುದು ಬಹುಪಾಲು ಇಲ್ಲೇ. ದೊಡ್ಡ ಪದಗಳಿಗೆ ಹೆದರುವ ಬದಲು ಇವಕ್ಕೆ ಹೆದರಿ.

ಹಂತ 6: ಪ್ರಶ್ನೆಯ ಬಗೆಗಳು, ಒಂದೊಂದಾಗಿ

ಎಲ್ಲ ಬಗೆಯನ್ನೂ ಒಟ್ಟಿಗೆ ಅಭ್ಯಾಸ ಮಾಡಬೇಡಿ. ವಾರಕ್ಕೆ ಒಂದು ಬಗೆ ಹಿಡಿಯಿರಿ.

*ಟ್ರೂ, ಫಾಲ್ಸ್, ನಾಟ್ ಗಿವನ್.* ಅತಿ ಹೆಚ್ಚು ಅಂಕ ಸೋರಿಹೋಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಲ್ಲೋಣ. ಟ್ರೂ ಅಂದರೆ ಪಠ್ಯ ಅದನ್ನೇ ಹೇಳುತ್ತದೆ. ಫಾಲ್ಸ್ ಅಂದರೆ ಪಠ್ಯ ಅದಕ್ಕೆ ವಿರುದ್ಧವಾದದ್ದನ್ನು ಹೇಳುತ್ತದೆ. ನಾಟ್ ಗಿವನ್ ಅಂದರೆ ಪಠ್ಯ ಎರಡನ್ನೂ ಹೇಳುವುದಿಲ್ಲ. ತರ್ಕ ಸ್ಪಷ್ಟವಾಗಲಿ ಎಂದು ಕನ್ನಡದಲ್ಲೇ ಮಾಡಿ ನೋಡೋಣ.

ಪಠ್ಯ: "1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ಒಂದು ಪ್ರಯಾಣಿಕ ರೈಲು ಹೊರಟಿತು. ದಾರಿ 34 ಕಿಲೋಮೀಟರ್. 14 ಬೋಗಿಗಳಲ್ಲಿ ಸುಮಾರು 400 ಅತಿಥಿಗಳಿದ್ದರು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಎಂಜಿನ್‌ಗಳು ರೈಲನ್ನು ಎಳೆದವು. ಹೊರಡುವಾಗ 21 ತೋಪು ಹಾರಿಸಿ ಗೌರವ ಸಲ್ಲಿಸಲಾಯಿತು."

ಹೇಳಿಕೆಗಳು:

ಅ. ಆ ರೈಲಿಗೆ ಒಂದಕ್ಕಿಂತ ಹೆಚ್ಚು ಎಂಜಿನ್ ಇದ್ದವು.
ಆ. ಬೋಗಿಗಳ ಸಂಖ್ಯೆ ಒಂದು ಡಜನ್ ದಾಟಿರಲಿಲ್ಲ.
ಇ. ಅತಿಥಿಗಳು ಟಿಕೆಟ್ ಕೊಳ್ಳಬೇಕಾಗಿರಲಿಲ್ಲ.
ಈ. ಇದು ಭಾರತದ ಮೊದಲ ಪ್ರಯಾಣಿಕ ರೈಲು.

ಮುಂದೆ ಓದುವ ಮೊದಲು ನಿಮ್ಮ ಉತ್ತರ ಬರೆದಿಡಿ.

ಅ ಟ್ರೂ. "ಮೂರು" ಎಂಬ ಪದ ಪಠ್ಯದಲ್ಲಿಲ್ಲ, ಆದರೆ ಮೂರು ಹೆಸರುಗಳಿವೆ. ಆ ಸಾಲಿನ ಮೇಲೆ ಬೆರಳಿಡಬಹುದು. ಆ ಫಾಲ್ಸ್. 14 ಅಂದರೆ ಡಜನ್ ದಾಟಿತು. ಇ ನಾಟ್ ಗಿವನ್. "ಅತಿಥಿಗಳು ತಾನೇ, ಟಿಕೆಟ್ ಯಾಕೆ?" ಎಂದು ನಿಮಗೆ ಅನ್ನಿಸಬಹುದು. ಅದು ನಿಮ್ಮ ಊಹೆ. ಟಿಕೆಟ್ ಬಗ್ಗೆ ಒಂದು ಸಾಲೂ ಇಲ್ಲ. ಈ ಕೂಡ ನಾಟ್ ಗಿವನ್! ಶಾಲೆಯಲ್ಲಿ ಓದಿದ್ದೀರಿ, ಮುಂಬೈಯಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ, ಮಾತು ನಿಜವೇ. ಆದರೆ ಈ ಪಠ್ಯದಲ್ಲಿ "ಮೊದಲ" ಎಂದು ಎಲ್ಲಿದೆ? ಬೆರಳಿಡಿ ನೋಡೋಣ.

ಓದಿಕೊಂಡವರೇ ಈ ನಾಲ್ಕನೆಯದರಲ್ಲಿ ಬೀಳುವುದು. ನರ್ಸ್‌ಗಳಿಗೆ ಆರೋಗ್ಯದ ಪಠ್ಯ ಬಂದರೆ, ಎಂಜಿನಿಯರ್‌ಗಳಿಗೆ ಸೇತುವೆಯ ಪಠ್ಯ ಬಂದರೆ ಖುಷಿಪಡುತ್ತಾರೆ. ಅಲ್ಲೇ ಜಾಸ್ತಿ ಹುಷಾರಾಗಿರಬೇಕು.

ಫಾಲ್ಸ್ ಮತ್ತು ನಾಟ್ ಗಿವನ್ ನಡುವೆ ಸಿಕ್ಕಿಕೊಂಡಾಗ ಹೀಗೆ ಕೇಳಿಕೊಳ್ಳಿ: "ಈ ಹೇಳಿಕೆ ಸುಳ್ಳು ಎಂದು ಸಾಧಿಸಲು ಯಾವ ಸಾಲು ತೋರಿಸುತ್ತೇನೆ?" ತೋರಿಸಲು ಸಾಲಿದ್ದರೆ ಫಾಲ್ಸ್. ಇಲ್ಲದಿದ್ದರೆ ನಾಟ್ ಗಿವನ್, ಮುಂದಕ್ಕೆ ಹೋಗಿ. ಇಲ್ಲದ ಸಾಲನ್ನು ಹುಡುಕುತ್ತಾ ಐದು ನಿಮಿಷ ಕಳೆಯಬೇಡಿ. ಈ ಪ್ರಶ್ನೆಗಳು ಪಠ್ಯದ ಕ್ರಮದಲ್ಲೇ ಬರುತ್ತವೆ. ಹಿಂದಿನ ಪ್ರಶ್ನೆಯ ಉತ್ತರ ಮತ್ತು ಮುಂದಿನ ಪ್ರಶ್ನೆಯ ಉತ್ತರ ಸಿಕ್ಕಿದರೆ, ನಡುವಿನದು ಇರಬೇಕಾದ ಜಾಗ ಅವೆರಡರ ಮಧ್ಯೆ. ಅಲ್ಲಿಲ್ಲ ಅಂದರೆ ಇಲ್ಲ.

ಯೆಸ್, ನೋ, ನಾಟ್ ಗಿವನ್ ಎಂಬುದೂ ಇದೇ ತರ್ಕ. ಅಲ್ಲಿ ಕೇಳುವುದು ಲೇಖಕರ ಅಭಿಪ್ರಾಯ. ಲೇಖಕರು ಬೇರೆ ಯಾರದೋ ಮಾತನ್ನು ಹೇಳಿ, ಮುಂದಿನ ಸಾಲಿನಲ್ಲಿ ಅದನ್ನು ಒಪ್ಪದೆ ಇರಬಹುದು. ಯಾರ ಮಾತು ಎಂಬುದನ್ನು ನೋಡಿಕೊಳ್ಳಿ. ಟ್ರೂ ಕೇಳಿದಲ್ಲಿ ಯೆಸ್ ಬರೆಯುವ ಕಸರತ್ತು ಬೇಡ, ಏನು ಕೇಳಿದ್ದಾರೋ ಅದನ್ನೇ ಬರೆಯಿರಿ.

*ಮ್ಯಾಚಿಂಗ್ ಹೆಡಿಂಗ್ಸ್.* ಪ್ರತಿ ಪ್ಯಾರಾಕ್ಕೆ ಪಟ್ಟಿಯಿಂದ ಒಂದು ಶೀರ್ಷಿಕೆ ಹೊಂದಿಸಬೇಕು. ಪಟ್ಟಿಯಲ್ಲಿ ಪ್ಯಾರಾಗಳಿಗಿಂತ ಹೆಚ್ಚು ಶೀರ್ಷಿಕೆಗಳಿರುತ್ತವೆ. ಪಟ್ಟಿಯನ್ನು ಮೊದಲು ಓದಿದರೆ ಪ್ಯಾರಾದಲ್ಲಿ ಅದೇ ಪದ ಕಂಡ ಕೂಡಲೇ ಕೈ ಅಲ್ಲಿಗೆ ಹೋಗುತ್ತದೆ. ಪದ ಒಂದೇ ಇರುವ ಶೀರ್ಷಿಕೆ ಎಷ್ಟೋ ಸಲ ಬಲೆ. ಪಟ್ಟಿ ಮುಚ್ಚಿಡಿ, ಪ್ಯಾರಾ ಓದಿ, ಹಂತ 4ರಲ್ಲಿ ಮಾಡಿದಂತೆ ಕನ್ನಡದಲ್ಲಿ ಒಂದು ವಾಕ್ಯ ಹೇಳಿಕೊಳ್ಳಿ, ಆಮೇಲೆ ಪಟ್ಟಿ ನೋಡಿ. ಪ್ಯಾರಾದ ಒಂದು ಉದಾಹರಣೆಗೆ ಮಾತ್ರ ಹೊಂದುವ ಶೀರ್ಷಿಕೆಯನ್ನು ಬಿಟ್ಟು, ಇಡೀ ಪ್ಯಾರಾಕ್ಕೆ ಹೊಂದುವುದನ್ನು ಆರಿಸಿ. ಅನುಮಾನವಿದ್ದರೆ ಎರಡೂ ಶೀರ್ಷಿಕೆಯನ್ನು ಪಕ್ಕದಲ್ಲಿ ಗುರುತು ಹಾಕಿ ಮುಂದಕ್ಕೆ ಹೋಗಿ. ಉಳಿದ ಪ್ಯಾರಾಗಳೇ ಒಂದನ್ನು ತೆಗೆದುಕೊಳ್ಳುತ್ತವೆ.

*ಯಾವ ಪ್ಯಾರಾದಲ್ಲಿ ಈ ಮಾಹಿತಿ ಇದೆ?* ಇದಕ್ಕೆ ಕ್ರಮ ಇರುವುದಿಲ್ಲ, ಇಡೀ ಪಠ್ಯ ಜಾಲಾಡಬೇಕು. ಆದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಬೇರೆ ಪ್ರಶ್ನೆಗಳಿಗಾಗಿ ಓದುವಷ್ಟರಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ.

*ಖಾಲಿ ಜಾಗ ತುಂಬುವುದು.* ಸುಲಭದ ಅಂಕ, ಆದರೆ ಸುಮ್ಮಸುಮ್ಮನೆ ಕಳೆದುಕೊಳ್ಳುತ್ತಾರೆ. ಎಷ್ಟು ಪದ ಬರೆಯಬಹುದು ಎಂಬ ಸೂಚನೆ ಪ್ರತಿ ಸಲ ಬದಲಾಗುತ್ತದೆ. "ನೋ ಮೋರ್ ದ್ಯಾನ್ ಟೂ ವರ್ಡ್ಸ್" ಇದ್ದಲ್ಲಿ ಮೂರು ಪದ ಬರೆದರೆ ಅರ್ಥ ಸರಿಯಿದ್ದರೂ ಅಂಕವಿಲ್ಲ. ಪಠ್ಯದಿಂದ ಪದ ತೆಗೆದುಕೊಳ್ಳಿ ಎಂದಿದ್ದರೆ ಹಾಗೇ ತೆಗೆದುಕೊಳ್ಳಿ, ರೂಪ ಬದಲಿಸಬೇಡಿ. ಬಹುವಚನದ ಕೊನೆಯ "ಎಸ್" ಬಿಡಬೇಡಿ. ಸ್ಪೆಲ್ಲಿಂಗ್ ತಪ್ಪಿದರೂ ಅಂಕ ಹೋಯಿತು. ಉತ್ತರ ಕಣ್ಣೆದುರೇ ಇರುವಾಗ ಸ್ಪೆಲ್ಲಿಂಗ್ ತಪ್ಪಿಸುವುದಕ್ಕೆ ಕ್ಷಮೆ ಇಲ್ಲ. ಖಾಲಿ ಜಾಗ ನೋಡಿದ ಕೂಡಲೇ ಅಲ್ಲಿ ಹೆಸರು ಬೇಕೋ, ಸಂಖ್ಯೆ ಬೇಕೋ, ವಿಶೇಷಣ ಬೇಕೋ ಎಂದು ತೀರ್ಮಾನಿಸಿಕೊಂಡು ಹುಡುಕಲು ಹೋಗಿ.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯಾದದ್ದನ್ನು ಹುಡುಕುವ ಬದಲು ತಪ್ಪಾದ ಮೂರನ್ನು ಕಾರಣ ಹೇಳಿ ಹೊಡೆದುಹಾಕಿ. ಉಳಿದದ್ದು ಉತ್ತರ.

ಹಂತ 7: ಗಡಿಯಾರದ ಜೊತೆ

ಹಂತ 6 ಗಟ್ಟಿಯಾದ ಮೇಲೆ ಟೈಮರ್ ತನ್ನಿ. ಮೊದಲು ಒಂದೊಂದೇ ಪಠ್ಯಕ್ಕೆ 25 ನಿಮಿಷ, ಆಮೇಲೆ 20. ಅಕಾಡೆಮಿಕ್‌ನಲ್ಲಿ ಮೂರನೇ ಪಠ್ಯ ಸಾಮಾನ್ಯವಾಗಿ ಕಷ್ಟದ್ದು. ಆದ್ದರಿಂದ ಮೊದಲನೆಯದನ್ನು 17 ನಿಮಿಷಕ್ಕೆ ಮುಗಿಸುವುದನ್ನು ರೂಢಿ ಮಾಡಿದರೆ ಕೊನೆಗೆ ಉಸಿರಾಡಲು ಜಾಗ ಸಿಗುತ್ತದೆ. ಜನರಲ್‌ನವರು ಮೊದಲ ಭಾಗವನ್ನು ಇನ್ನೂ ಬೇಗ ಮುಗಿಸಬೇಕು.

ಎರಡು ಪದ ನಿಮಗೆ ಎಲ್ಲ ಕಡೆ ಸಿಗುತ್ತವೆ. ಸ್ಕಿಮ್ಮಿಂಗ್ ಅಂದರೆ ಮೇಲಿಂದ ಮೇಲೆ ಕಣ್ಣಾಡಿಸಿ ವಿಷಯ ಏನೆಂದು ತಿಳಿಯುವುದು. ಸ್ಕ್ಯಾನಿಂಗ್ ಅಂದರೆ ಒಂದು ಹೆಸರನ್ನೋ ಇಸವಿಯನ್ನೋ ಮಾತ್ರ ಹುಡುಕುವುದು. ಕಲ್ಯಾಣ್ ಸ್ಟೇಷನ್ನಿನ ಇಂಡಿಕೇಟರ್‌ನಲ್ಲಿ ಎಲ್ಲ ಗಾಡಿಗಳನ್ನೂ ಓದದೆ ನಿಮ್ಮ ಗಾಡಿಯನ್ನು ಹುಡುಕುತ್ತೀರಲ್ಲ, ಹಾಗೆ.

ಪ್ರಶ್ನೆ ಮೊದಲೋ, ಪಠ್ಯ ಮೊದಲೋ ಎಂದು ಎಲ್ಲರೂ ಕೇಳುತ್ತಾರೆ. ನಾನು ಹೇಳುವುದು ಇದು: ಶೀರ್ಷಿಕೆ ಮತ್ತು ಪ್ರತಿ ಪ್ಯಾರಾದ ಮೊದಲ ಎರಡು ಸಾಲು ಓದಿ, ಎರಡು ನಿಮಿಷ ಸಾಕು. ಯಾವ ವಿಷಯ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಪ್ರಶ್ನೆಗೆ ಹೋಗಿ. ಪ್ರಶ್ನೆಯಲ್ಲಿರುವ ಪದವೇ ಪಠ್ಯದಲ್ಲಿ ಇರುತ್ತದೆಂದು ಕಾಯಬೇಡಿ. "ಚಿಲ್ಡ್ರನ್" ಎಂದು ಪ್ರಶ್ನೆಯಲ್ಲಿದ್ದರೆ ಪಠ್ಯದಲ್ಲಿ "ದ ಯಂಗ್" ಇರಬಹುದು. "ಫೆಲ್ ಶಾರ್ಪ್‌ಲಿ" ಎಂಬುದು "ಡ್ರಮಾಟಿಕ್ ಡಿಕ್ಲೈನ್" ಆಗಿರಬಹುದು. ಇಂಥ ಜೋಡಿಗಳನ್ನು ತಪ್ಪುಗಳ ಪುಸ್ತಕದ ಹಿಂಬದಿಯಿಂದ ಬರೆಯುತ್ತಾ ಬನ್ನಿ. ಪದಪಟ್ಟಿ ಬೇಕೇ ಬೇಕು ಅನ್ನುವವರಿಗೆ ಇದೇ ಪಟ್ಟಿ.

ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಮೀರಿದರೆ ಬಿಟ್ಟು ಹೋಗಿ. ಎಲ್ಲಕ್ಕೂ ಒಂದೇ ಅಂಕ. ಕಷ್ಟದ ಒಂದಕ್ಕಾಗಿ ಸುಲಭದ ಮೂರನ್ನು ಕಳೆದುಕೊಳ್ಳುವುದು ದಡ್ಡತನ ಅಲ್ವಾ?

ಹಂತ 8: ಪೂರ್ತಿ ಪರೀಕ್ಷೆಯ ತಾಲೀಮು

ಕೊನೆಯ ಮೂರ್ನಾಲ್ಕು ವಾರ, ವಾರಕ್ಕೊಂದು ಪೂರ್ತಿ ಪತ್ರಿಕೆ. ಅಸಲಿ ಪರೀಕ್ಷೆಯಲ್ಲಿ ಲಿಸನಿಂಗ್, ರೀಡಿಂಗ್, ರೈಟಿಂಗ್ ಬಿಡುವಿಲ್ಲದೆ ನಡೆಯುತ್ತವೆ. ಆದ್ದರಿಂದ ಲಿಸನಿಂಗ್ ಮುಗಿಸಿದ ಕೂಡಲೇ ರೀಡಿಂಗ್‌ಗೆ ಕೂತು ನೋಡಿ. ತಲೆ ಎಷ್ಟು ದಣಿದಿರುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ಕಂಪ್ಯೂಟರ್‌ನಲ್ಲಿ ಬರೆಯುವವರು ಲ್ಯಾಪ್‌ಟಾಪ್‌ನಲ್ಲೇ ಅಭ್ಯಾಸ ಮಾಡಿ, ಫೋನಿನಲ್ಲಿ ಬೇಡ. ಪರದೆಯ ಒಂದು ಬದಿ ಪಠ್ಯ, ಇನ್ನೊಂದು ಬದಿ ಪ್ರಶ್ನೆ. ಸಾಲಿಗೆ ಬಣ್ಣ ಹಾಕುವ ಸೌಲಭ್ಯವಿದೆ, ಬೆರಳಿಡುವ ಕೆಲಸವನ್ನು ಅದರಿಂದಲೇ ಮಾಡಿ. ಇಡೀ ಪಠ್ಯಕ್ಕೆ ಬಣ್ಣ ಬಳಿಯಬೇಡಿ. ಕಾಗದದಲ್ಲಿ ಬರೆಯುವ ಆಯ್ಕೆ ನಿಮಗೆ ಸಿಕ್ಕಿದ್ದರೆ ಒಂದು ಎಚ್ಚರಿಕೆ: ರೀಡಿಂಗ್‌ನಲ್ಲಿ ಉತ್ತರ ವರ್ಗಾಯಿಸಲು ಬೇರೆ ಸಮಯ ಕೊಡುವುದಿಲ್ಲ. ಪಠ್ಯ ಮುಗಿದ ಹಾಗೆ ಉತ್ತರ ಪತ್ರಿಕೆಯಲ್ಲೇ ಬರೆಯುತ್ತಾ ಹೋಗಿ.

ಮನೆಯಲ್ಲಿ ಒಂದೇ ಕೋಣೆ, ಟಿವಿ ಬೇರೆ ಓಡುತ್ತಿರುತ್ತದೆ ಎನ್ನುವವರು ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಪಣಜಿಯ ಪಾಟ್ಟೋದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಗ್ರಂಥಾಲಯ ಗೋವಾದವರಿಗೆ ಒಳ್ಳೆಯ ಜಾಗ. ಮುಂಬೈ, ಪುಣೆಯಲ್ಲಿ ಎಂಪಿಎಸ್‌ಸಿ, ಯುಪಿಎಸ್‌ಸಿ ಹುಡುಗರು ಕೂರುವ ಅಭ್ಯಾಸಿಕೆಗಳಿವೆಯಲ್ಲ, ತಿಂಗಳ ಬಾಡಿಗೆಯ ಆ ಓದುಕೋಣೆಗಳೂ ಆಗುತ್ತವೆ.

ಪರೀಕ್ಷೆಯ ದಿನ

ಬುಕ್ ಮಾಡುವಾಗ ಕೊಟ್ಟ ಪಾಸ್‌ಪೋರ್ಟ್ ಬೇಕು, ಅದರ ಜೆರಾಕ್ಸ್ ಸಾಲದು. ಲೋಕಲ್ ನಂಬಿಕೊಂಡು ಹೋಗುವವರು, ಅದರಲ್ಲೂ ಮಳೆಗಾಲದಲ್ಲಿ, ಒಂದು ಗಂಟೆ ಮೊದಲೇ ಹೊರಡಿ. ಭಾನುವಾರವಾದರೆ ಮೆಗಾ ಬ್ಲಾಕ್ (ಹಳಿ ಕೆಲಸಕ್ಕಾಗಿ ಲೋಕಲ್ ಗಾಡಿಗಳನ್ನು ನಿಲ್ಲಿಸುವುದು) ಇದೆಯೇ ಎಂದು ಹಿಂದಿನ ದಿನ ನೋಡಿಕೊಳ್ಳಿ.

ಕೊನೆಯ ಎರಡು ನಿಮಿಷ ಉಳಿದಾಗ ಓದುವುದನ್ನು ನಿಲ್ಲಿಸಿ, ಖಾಲಿ ಇರುವ ಎಲ್ಲದಕ್ಕೂ ಏನಾದರೂ ಒಂದು ಉತ್ತರ ಹಾಕಿ. ತಪ್ಪಿಗೆ ದಂಡವಿಲ್ಲ, ಖಾಲಿ ಬಿಟ್ಟರೆ ಲಾಭವಿಲ್ಲ. ಬೆರಳಿಡುವ ನಿಯಮಕ್ಕೆ ಈ ಎರಡು ನಿಮಿಷ ಮಾತ್ರ ರಜೆ.

ಫಲಿತಾಂಶ ಬಂದು ರೀಡಿಂಗ್ ಒಂದೇ ಅರ್ಧ ಬ್ಯಾಂಡ್ ಕಡಿಮೆ ಬಿದ್ದರೆ ಇಡೀ ಪರೀಕ್ಷೆ ಮತ್ತೆ ಬರೆಯಬೇಕೆಂದಿಲ್ಲ. ಕಂಪ್ಯೂಟರ್‌ನಲ್ಲಿ ಬರೆದವರಿಗೆ ಮೊದಲ ಪರೀಕ್ಷೆಯಾದ 60 ದಿನಗಳೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯುವ ಸೌಲಭ್ಯವಿದೆ. ಅದಕ್ಕೆ ಒನ್ ಸ್ಕಿಲ್ ರೀಟೇಕ್ ಎನ್ನುತ್ತಾರೆ. ಆದರೆ ಆ ಅಂಕಪಟ್ಟಿಯನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ. ನಿಮ್ಮ ಕಾಲೇಜಿಗೋ ಕೌನ್ಸಿಲ್‌ಗೋ ಇಮೇಲ್ ಬರೆದು, ಒಪ್ಪುತ್ತೇವೆ ಎಂಬ ಉತ್ತರ ಕೈಗೆ ಬಂದ ಮೇಲೆ ಹಣ ಕಟ್ಟಿ.